ಅಂಚು ಕಾಣುವ ಸಿನಿಮಾ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆಗಳನ್ನು ತೆಗೆದಿದ್ದೇನೆ. ಪ್ರೊಜೆಕ್ಟರ್ ಕೈಕೊಟ್ಟ ಹತ್ತು ನಿಮಿಷವನ್ನೂ ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಅಂದು ಹೇಳಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಕ್ರಿಕೆಟ್ ಮ್ಯಾಚ್ ಬಿಟ್ಟು ಬಂದಿದ್ದೀರಿ. ಮೊದಲು ಅದಕ್ಕೊಂದು ಥ್ಯಾಂಕ್ಸ್.

ನನ್ನನ್ನು ಕರೆದವರು "ಜಪಾನಿನ ಅನಿಮೆ ಬಗ್ಗೆ ಏನಾದರೂ ಹೇಳಿ" ಅಂದರು. ಅನಿಮೆ ಅಂದರೆ ಜಪಾನಿನ ಕಾರ್ಟೂನ್ ಸಿನಿಮಾ, ಸೀರಿಯಲ್ಲು. ಅದು ಸಮುದ್ರ, ನನಗೆ ಈಜು ಬರುವುದಿಲ್ಲ. ಹಾಗಾಗಿ ಒಂದೇ ಒಂದು ಸಿನಿಮಾ ಹಿಡಿದುಕೊಂಡು ಬಂದಿದ್ದೇನೆ. ಅದೂ ಸೋತ ಸಿನಿಮಾ. ಹಳೆಯ ಅನಿಮೆಯೊಂದನ್ನು ನಿಜದ ನಟರನ್ನು ಹಾಕಿ ತೆಗೆದದ್ದು. ಹೆಸರು 'ಸ್ಪೀಡ್ ರೇಸರ್', 2008ರದ್ದು.

ಸಿನಿಮಾಗಿಂತ ಮುಂಚೆ ನನ್ನ ಕೆಲಸ ಏನು ಅಂತ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಈ ಸಿನಿಮಾ ನನಗೆ ಯಾಕೆ ಇಷ್ಟ ಅನ್ನುವುದು ತಲೆಬುಡ ಇಲ್ಲದ ಮಾತಾಗುತ್ತದೆ. ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ರೋಟೋ ಕೆಲಸ ಮಾಡಿದವನು. ರೋಟೋ ಅಂದರೆ, ಸಿನಿಮಾದ ಒಂದೊಂದೇ ಫ್ರೇಮ್ ತೆಗೆದುಕೊಂಡು, ಅದರಲ್ಲಿರುವ ಮನುಷ್ಯನ ಸುತ್ತ ಗೆರೆ ಎಳೆದು, ಅವನನ್ನು ಹಿನ್ನೆಲೆಯಿಂದ ಬಿಡಿಸಿ ಕೊಡುವುದು. ಸೆಕೆಂಡಿಗೆ 24 ಫ್ರೇಮ್. ನಾಯಕಿ ಕೂದಲು ಬಿಚ್ಚಿಕೊಂಡು ಗಾಳಿಯಲ್ಲಿ ನಿಂತಿದ್ದರೆ ನಮ್ಮ ಆ ವಾರದ ಕಥೆ ಮುಗಿಯಿತು. ಹೊರದೇಶದ ದೊಡ್ಡ ದೊಡ್ಡ ಸಿನಿಮಾಗಳ ಈ ಕಳೆ ಕೀಳುವ ಕೆಲಸ ಬಹಳಷ್ಟು ನಡೆಯುವುದು ನಮ್ಮ ದೇಶದಲ್ಲೇ. ರಾತ್ರಿ ಪಾಳಿ, ತಣ್ಣಗಾದ ಕಾಫಿ, ಕತ್ತಲೆ ಕೋಣೆ. ಕೊನೆಗೆ ಹೆಸರು ಬರುವ ಹೊತ್ತಿಗೆ ಜನ ಎದ್ದು ಹೋಗಿರುತ್ತಾರೆ. ನಮ್ಮ ಹೆಸರು ಬರುವುದೂ ಗ್ಯಾರಂಟಿ ಇಲ್ಲ.

ಆ ಕೆಲಸದಲ್ಲಿ ಇರುವುದು ಒಂದೇ ನಿಯಮ. ಅಂಚು ಕಾಣಬಾರದು. ಮನುಷ್ಯ ಎಲ್ಲಿ ಮುಗಿದ, ಬೇರೆ ಕಡೆಯಿಂದ ತಂದು ಅಂಟಿಸಿದ ಬೆಟ್ಟ ಎಲ್ಲಿ ಶುರುವಾಯಿತು ಅನ್ನುವುದು ನೋಡುವವರಿಗೆ ಗೊತ್ತಾದರೆ ನಾವು ಸೋತ ಹಾಗೆ. ಹನ್ನೊಂದು ವರ್ಷ ನಾನು ಅಂಚು ಮುಚ್ಚಿದೆ. 'ಸ್ಪೀಡ್ ರೇಸರ್' 12 ಕೋಟಿ ಡಾಲರ್ ಖರ್ಚು ಮಾಡಿ ಅಂಚು ತೋರಿಸಿದ ಸಿನಿಮಾ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಆದರೂ ಒಂದು ಗಂಟೆ ಕೊಟ್ಟಿದ್ದಾರೆ, ವಿವರವಾಗಿಯೇ ಹೇಳುತ್ತೇನೆ.

ಕಥೆ ಶುರುವಾಗುವುದು ಒಂದು ಮಾಂಗಾದಿಂದ. (ಇಲ್ಲಿ ಮುಂದಿನ ಸಾಲಿನ ಮಕ್ಕಳು ಜೋರಾಗಿ ನಕ್ಕರು.) ಮಂಗ ಅಲ್ಲ, ಮಾಂಗಾ. ಜಪಾನಿನ ಕಾಮಿಕ್ಸ್, ಚಿತ್ರ ಬರೆದು ಹೇಳುವ ಕಥೆ. ಈ ಕಥೆಯಲ್ಲಿ ಒಂದು ಮಂಗಾನೂ ಬರುತ್ತದೆ, ಸ್ವಲ್ಪ ತಡೀರಿ.

ಬರೆದವರು ತಾತ್ಸುವೊ ಯೊಶಿದಾ. ಇವರೂ ಇವರ ತಮ್ಮಂದಿರಿಬ್ಬರೂ ಸೇರಿ 1962ರಲ್ಲಿ ಒಂದು ಕಂಪನಿ ಶುರು ಮಾಡಿದರು. ಹೆಸರು ತಾತ್ಸುನೊಕೊ. 'ತಾತ್ಸು ಅವರ ಮಗು' ಅಂತಲೂ ಆಗುತ್ತದೆ, ಜಪಾನಿ ಭಾಷೆಯಲ್ಲಿ ಕಡಲ್ಗುದುರೆಗೆ ಇರುವ ಹೆಸರನ್ನೂ ನೆನಪಿಸುತ್ತದೆ. ಅದಕ್ಕೇ ಆ ಕಂಪನಿಯ ಗುರುತೇ ಒಂದು ಕಡಲ್ಗುದುರೆ. ಎಲ್ವಿಸ್ ಪ್ರೆಸ್ಲಿ ಕಾರ್ ರೇಸ್ ಓಡಿಸುವ ಒಂದು ಹಾಲಿವುಡ್ ಸಿನಿಮಾ, ಬಟನ್ ಒತ್ತಿದರೆ ಏನೇನೋ ಹೊರಬರುವ ಜೇಮ್ಸ್ ಬಾಂಡ್ ಕಾರು, ಇವೆರಡನ್ನೂ ಯೊಶಿದಾ ನೋಡಿದ್ದರು. ಎರಡನ್ನೂ ಕಲಸಿದರು. ಕೊರಳಿಗೆ ಕರವಸ್ತ್ರ ಕಟ್ಟಿದ ಹುಡುಗ, ಬಿಳಿ ಕಾರು, ಸ್ಟೀರಿಂಗ್ ಮೇಲೆ ಏಳು ಬಟನ್. ಹುಡುಗನ ಹೆಸರು ಗೋ ಮಿಫುನೆ. ಮಿಫುನೆ ಅನ್ನುವುದು ಸಮುರಾಯ್ ಪಾತ್ರಗಳಿಗೆ ಹೆಸರಾದ ನಟ ತೊಶಿರೊ ಮಿಫುನೆಗೆ ಹೊಡೆದ ಸಲಾಮು. ಕಾರಿನ ಮೂತಿಯ ಮೇಲಿರುವ ದೊಡ್ಡ 'ಎಂ' ಆ ಮಿಫುನೆಯದೇ.

1967ರ ಏಪ್ರಿಲ್‌ನಲ್ಲಿ ಇದು ಟಿವಿಗೆ ಬಂತು. ಒಟ್ಟು 52 ಕಂತು. ಜಪಾನಿ ಹೆಸರು 'ಮಾಹ್ಹಾ ಗೋ ಗೋ ಗೋ'. ಜಪಾನಿಯಲ್ಲಿ 'ಗೋ' ಅಂದರೆ ಐದು, ಕಾರಿನ ನಂಬರ್ ಐದು. ಇಂಗ್ಲಿಷಿನಲ್ಲಿ ಗೋ ಅಂದರೆ ಹೋಗು. ಹುಡುಗನ ಹೆಸರೂ ಗೋ. ಜಪಾನಿ ಮಾಂಗಾಗಳಲ್ಲಿ ಗುಡುಗುಡು ಸದ್ದಿಗೂ 'ಗೋ ಗೋ ಗೋ' ಅಂತಲೇ ಬರೆಯುತ್ತಾರೆ. ಒಂದೇ ಅಕ್ಷರದಲ್ಲಿ ಇಷ್ಟೆಲ್ಲ. ಇದನ್ನು ಅನುವಾದ ಮಾಡಿ ಅಂದರೆ ಯಾರು ಮಾಡ್ತಾರೆ?

ಅಮೆರಿಕದಲ್ಲಿ ಪೀಟರ್ ಫರ್ನಾಂಡಿಸ್ ಅನ್ನುವವರು ಮಾಡಿದರು. ಅನುವಾದ ಅನ್ನುವುದಕ್ಕಿಂತ ಹೊಸದಾಗಿ ಹೆಸರಿಟ್ಟರು ಅನ್ನಬೇಕು. ಗೋ ಮಿಫುನೆ ಹೋಗಿ ಸ್ಪೀಡ್ ರೇಸರ್ ಆದ. ಹುಡುಗನ ಹೆಸರು ಸ್ಪೀಡ್, ಮನೆತನದ ಹೆಸರು ರೇಸರ್! ಗೆಳತಿ ಮಿಚಿ ಟ್ರಿಕ್ಸಿ ಆದಳು. ತಮ್ಮನಿಗೆ ಸ್ಪ್ರಿಟಲ್ ಅಂತ, ಅವನ ಚಿಂಪಾಂಜಿಗೆ ಚಿಮ್ ಚಿಮ್ ಅಂತ ಹೆಸರಾಯಿತು. ಫರ್ನಾಂಡಿಸ್ ನಾಯಕನಿಗೆ ದನಿ ಕೊಟ್ಟರು, ಮುಖವಾಡ ಹಾಕಿದ ರೇಸರ್ ಎಕ್ಸ್‌ಗೂ ತಾವೇ ದನಿ ಕೊಟ್ಟರು. ಹಳೆಯ ಜಪಾನಿ ರಾಗವನ್ನು ಹಾಗೇ ಇಟ್ಟುಕೊಂಡು ಹಾಡಿಗೆ ಹೊಸ ಸಾಲು ಬರೆದರು. ಹಿಂಸೆ ಜಾಸ್ತಿ ಇದ್ದ ಕಡೆ ಮಾತಿನಲ್ಲೇ ತಗ್ಗಿಸಿದರು.

ಚಿತ್ರದ ಬಾಯಿ ಆಗಲೇ ಜಪಾನಿ ಮಾತಿಗೆ ಆಡಿಬಿಟ್ಟಿದೆ. ಅದರೊಳಗೆ ಇಂಗ್ಲಿಷನ್ನು ತುರುಕಬೇಕು. ಹಾಗಾಗಿ ಎಲ್ಲರೂ ಬಸ್ಸು ತಪ್ಪಿಹೋಗುವವರ ಹಾಗೆ ಮಾತಾಡುತ್ತಾರೆ. ಉಸಿರು ಬಿಡುವುದೇ ಇಲ್ಲ. ವಾಕ್ಯದ ಮಧ್ಯೆ ಬಾಯಿ ಇನ್ನೂ ಆಡುತ್ತಿದ್ದರೆ "ಆಂ!", "ಓಹ್!" ಅಂತ ಒಂದು ತುಂಬುವುದು. ಇದನ್ನು ಅಮೆರಿಕದ ಹಾಸ್ಯಗಾರರು ವರ್ಷಗಟ್ಟಲೆ ಆಡಿಕೊಂಡರು. ಆದರೆ ಇದನ್ನು ಕೇಳಿ ಬೆಳೆದವರಿಗೆ ರೇಸು ಅಂದರೆ ಆ ದನಿಯೇ.

ಇನ್ನೊಂದು ಸಣ್ಣ ಪಾಠ ಹೇಳಿ ಸಿನಿಮಾಗೆ ಬರುತ್ತೇನೆ. ಆ ಕಾಲದ ಟಿವಿ ಅನಿಮೆಗೆ ದುಡ್ಡೂ ಇಲ್ಲ, ಸಮಯವೂ ಇಲ್ಲ. ವಾರಕ್ಕೊಂದು ಕಂತು ಕೊಡಬೇಕು. ಸೆಕೆಂಡಿಗೆ 24 ಚಿತ್ರ ಬರೆಯುತ್ತಾ ಕೂತರೆ ಆಗದು. ಒಂದೇ ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ ಎಂಟೇ ಚಿತ್ರ ಸಾಕು. ಪಾತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಬರೆಯುತ್ತಾರೆ, ಅದಕ್ಕೆ ಸೆಲ್ ಅಂತಾರೆ. ಹಿಂದೆ ಬಣ್ಣದ ಒಂದು ಪರದೆ ಚಿತ್ರ. ಕಾರು ಓಡಬೇಕಾದರೆ ಕಾರನ್ನು ಅಲ್ಲೇ ಇಟ್ಟು ಹಿಂದಿನ ಚಿತ್ರವನ್ನು ಎಳೆಯುವುದು. ಇನ್ನೂ ಜೋರು ಬೇಕಾ? ಹಿನ್ನೆಲೆಯನ್ನೇ ತೆಗೆದು ಬರೀ ಗೆರೆಗಳನ್ನು ಹಾಕುವುದು. ಮುಖದ ಮೇಲೆ ಬೆವರ ಹನಿ, ಹಿಂದೆ ಸುಯ್ಯನೆ ಗೆರೆ. ನೋಡುವ ಮಗು ಸೀಟಿನ ತುದಿಗೆ ಬರುತ್ತದೆ. ಬಡತನದಿಂದ ಹುಟ್ಟಿದ ಭಾಷೆ ಇದು. ಆದರೆ ಭಾಷೆಯೇ ಹೌದು, ಕೊರತೆ ಅಲ್ಲ.

ಇನ್ನು ಸಿನಿಮಾ.

ತೆಗೆದವರು ವಾಚೋವ್ಸ್ಕಿ ಸೋದರಿಯರು, ಲಾನಾ ಮತ್ತು ಲಿಲಿ. 'ಮೇಟ್ರಿಕ್ಸ್' ತೆಗೆದವರು. 'ಮೇಟ್ರಿಕ್ಸ್' ಹುಟ್ಟಿದ್ದರ ಬಗ್ಗೆ ಅದರ ನಿರ್ಮಾಪಕ ಜೋಯೆಲ್ ಸಿಲ್ವರ್ ಹೇಳುವ ಒಂದು ಕಥೆ ಇದೆ. ಇವರಿಬ್ಬರೂ ಅವರನ್ನು ಕೂರಿಸಿ 'ಘೋಸ್ಟ್ ಇನ್ ದ ಶೆಲ್' ಅನ್ನುವ 1995ರ ಜಪಾನಿ ಅನಿಮೆ ಸಿನಿಮಾ ತೋರಿಸಿದರಂತೆ. ಇದನ್ನೇ ನಿಜವಾಗಿ ಮಾಡಬೇಕು ಅಂದರಂತೆ. ಮಾಡಿದರು, 1999ರಲ್ಲಿ ಲೋಕವೇ ಬಾಯಿ ಬಿಟ್ಟುಕೊಂಡು ನೋಡಿತು. ಅನಿಮೆಯನ್ನು ನಿಜ ಮಾಡುವುದರಲ್ಲಿ ಗೆದ್ದವರು ಅವರು. ಒಂಬತ್ತು ವರ್ಷ ಆದಮೇಲೆ ಅದೇ ಜನ, ಅದೇ ನಿರ್ಮಾಪಕರ ಜೊತೆ, ಉಲ್ಟಾ ಹೊರಟರು. ನಿಜವನ್ನು ತಂದು ಅನಿಮೆ ಮಾಡಲು ನೋಡಿದರು.

ಜನ ಒಪ್ಪಲಿಲ್ಲ. ಸಿನಿಮಾ 2008ರ ಮೇ 9ಕ್ಕೆ ಅಮೆರಿಕದಲ್ಲಿ ಬಿಡುಗಡೆಯಾಯಿತು. ಸರಿಯಾಗಿ ಒಂದು ವಾರ ಮುಂಚೆ 'ಐರನ್ ಮ್ಯಾನ್' ಬಂದು ಕೂತಿತ್ತು. ಲೋಹದ ಅಂಗಿಯ ಮೇಲೆ ಗೀರು, ಮಸಿ, ಎಣ್ಣೆ ಕಲೆ. ಎಲ್ಲ ನಿಜದ ಹಾಗೆ. ಜನಕ್ಕೆ ಬೇಕಾದದ್ದು ಅದು. ಇತ್ತ ನಮ್ಮದು ಮಿಠಾಯಿ ಅಂಗಡಿಗೆ ಬೆಂಕಿ ಬಿದ್ದ ಹಾಗಿದೆ. ಪ್ರಪಂಚವೆಲ್ಲ ಸುತ್ತಿ 9 ಕೋಟಿ 40 ಲಕ್ಷ ಡಾಲರ್ ಹತ್ತಿರ ಬಂತು. ಖರ್ಚು ಹೇಳಿದೆನಲ್ಲ, 12 ಕೋಟಿ. ಅದೂ ಪ್ರಚಾರದ ಖರ್ಚು ಬಿಟ್ಟು.

ನನ್ನ ಮನೆಯಲ್ಲೂ ಅದೇ ಗತಿ. ಅಣ್ಣ ಬಾಡಿಗೆ ಡಿವಿಡಿ ತಂದಿದ್ದ. ಇಪ್ಪತ್ತು ನಿಮಿಷ ಆಗಿರಬೇಕು. "ಇದು ಸಿನಿಮಾನೋ, ಕಣ್ಣಿನ ಡಾಕ್ಟರ್ ಇಡೋ ಪರೀಕ್ಷೆನೋ?" ಅಂದ. ಆಫ್ ಮಾಡಿದ. ನಾನೂ ಬೇಡ ಅನ್ನಲಿಲ್ಲ. ಸುಮ್ನೆ ಹೇಳಬಾರದು, ನನಗೂ ತಲೆ ಸುತ್ತಿತ್ತು.

ಆಮೇಲೆ ನಾನು ಸ್ಟುಡಿಯೋ ಸೇರಿದೆ. ಕೆಲವು ವರ್ಷ ಆದಮೇಲೆ ಜೊತೆಯವರೊಬ್ಬರು ಹಳೆಯ ಅನಿಮೆಯ 52 ಕಂತುಗಳನ್ನೂ ನನಗೆ ಅಂಟಿಸಿದರು. ದಿನಕ್ಕೆರಡರಂತೆ ಊಟದ ಹೊತ್ತಿನಲ್ಲಿ ನೋಡಿದೆ. ಮುಗಿಯುವಷ್ಟರಲ್ಲಿ ನಾನು ಆ ಹುಡುಗನ ಅಭಿಮಾನಿ. ಆಮೇಲೆ ಸಿನಿಮಾ ಮತ್ತೆ ಹಾಕಿದೆ. ಈ ಸಲ ಕೆಲಸಗಾರನ ಕಣ್ಣಿತ್ತು, ಅಭಿಮಾನಿಯ ಮನಸ್ಸೂ ಇತ್ತು. ಮೊದಲ ಸಲ ತಲೆ ಸುತ್ತಿಸಿದ ಆ ಇಪ್ಪತ್ತು ನಿಮಿಷವನ್ನು ಆ ರಾತ್ರಿ ಮೂರು ಸಲ ನೋಡಿದೆ.

ಆ ಇಪ್ಪತ್ತು ನಿಮಿಷ ಏನಿದೆ ಅಂತ ಹೇಳುತ್ತೇನೆ. ಒಬ್ಬ ಪುಟ್ಟ ಹುಡುಗ ಪರೀಕ್ಷೆಗೆ ಕೂತಿದ್ದಾನೆ. ಉತ್ತರ ಬರೆಯುವ ಬದಲು ಪುಟಗಳ ಮೂಲೆಯಲ್ಲಿ ಕಾರು ಬರೆಯುತ್ತಾನೆ. ಸರಸರ ತಿರುಗಿಸಿದರೆ ಕಾರು ಓಡುತ್ತದೆ. ನಾವೂ ನೋಟ್‌ಬುಕ್‌ನಲ್ಲಿ ಮಾಡಿದ್ದೇವೆ ಅಲ್ವಾ? ಅಲ್ಲೇ ತರಗತಿ ಕರಗುತ್ತದೆ. ಸುತ್ತ ಇರುವುದೆಲ್ಲ ಕ್ರೇಯಾನ್‌ನಲ್ಲಿ ಗೀಚಿದ ರೇಸ್ ಮೈದಾನ ಆಗುತ್ತದೆ. ಹುಡುಗ ಮಾತ್ರ ನಿಜದವನು, ಉಳಿದದ್ದು ಮಗುವಿನ ಗೀಚು. ಸಿನಿಮಾ ತನ್ನ ಗುಟ್ಟನ್ನು ಅಲ್ಲೇ ಹೇಳಿಬಿಡುತ್ತದೆ. ನಾನು ಚಿತ್ರ, ಬರೆದ ಚಿತ್ರ, ಒಳಗೆ ಬರುವುದಾದರೆ ಬಾ ಅನ್ನುತ್ತದೆ.

ಅದೇ ಹೊತ್ತಿಗೆ ಮೂರು ಕಾಲ ಒಟ್ಟಿಗೆ ಓಡುತ್ತವೆ. ದೊಡ್ಡವನಾದ ಸ್ಪೀಡ್ ಥಂಡರ್‌ಹೆಡ್ ಅನ್ನುವ ಟ್ರ್ಯಾಕಿನಲ್ಲಿ ರೇಸ್ ಓಡುತ್ತಿದ್ದಾನೆ. ಅದೇ ಟ್ರ್ಯಾಕಿನಲ್ಲಿ ವರ್ಷಗಳ ಹಿಂದೆ ಅವನ ಅಣ್ಣ ರೆಕ್ಸ್ ಓಡಿದ್ದ, ದಾಖಲೆ ಮಾಡಿದ್ದ. ಆಮೇಲೆ ಅಣ್ಣ ಮನೆ ಬಿಟ್ಟ. ಎಲ್ಲರಿಂದ ಛೀ ಥೂ ಅನ್ನಿಸಿಕೊಂಡ. ಒಂದು ರ್‍ಯಾಲಿಯಲ್ಲಿ ಕಾರು ಸ್ಫೋಟವಾಗಿ ಸತ್ತ ಅಂತ ಸುದ್ದಿಯಾಯಿತು. ಇದನ್ನೆಲ್ಲ ಬೇರೆ ಸಿನಿಮಾ ಆಗಿದ್ದರೆ ಮೊದಲೇ ಹೇಳಿ ಮುಗಿಸಿ ರೇಸಿಗೆ ಬರುತ್ತಿತ್ತು. ಇಲ್ಲಿ ಕಥೆ ಹೇಳುವುದೂ ರೇಸಿನೊಳಗೇ. ಒಬ್ಬರ ಮುಖ ಪರದೆಯ ಮೇಲೆ ಎಡದಿಂದ ಬಲಕ್ಕೆ ಜಾರಿಕೊಂಡು ಹೋಗುತ್ತದೆ, ಮುಖ ದಾಟಿದ ಕೂಡಲೇ ಹಿಂದೆ ಬೇರೆ ಕಾಲ ಬಂದಿರುತ್ತದೆ. ಕಟ್ ಇಲ್ಲ. ಮುಖವೇ ಪರದೆ ಎಳೆಯುತ್ತದೆ.

ಸ್ಪೀಡಿನ ಮುಂದೆ ಪಾರದರ್ಶಕವಾದ ಒಂದು ಕಾರು ಓಡುತ್ತಿರುತ್ತದೆ. ಅದು ಅಣ್ಣನದು, ಅವನ ದಾಖಲೆಯ ಓಟ. ವಿಡಿಯೋ ಗೇಮ್ ಆಡಿದ ಮಕ್ಕಳಿಗೆ ಇದು ತಟ್ಟನೆ ಅರ್ಥ ಆಗುತ್ತದೆ. ರೇಸಿನಲ್ಲಿ ಇನ್ನೂ ಎಷ್ಟೋ ಕಾರು ಇವೆ, ಆದರೆ ಸ್ಪೀಡ್ ಓಡುತ್ತಿರುವುದು ಇದೊಂದರ ಜೊತೆ. ಕೊನೆಯ ತಿರುವಿನಲ್ಲಿ ಅವನು ಅಣ್ಣನನ್ನು ಹಿಂದೆ ಹಾಕಬಹುದು. ಅಮ್ಮ ಅಪ್ಪ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಅವನು ಕಾಲು ಸಡಿಲ ಮಾಡುತ್ತಾನೆ. ರೇಸು ಗೆಲ್ಲುತ್ತಾನೆ, ಅಣ್ಣನ ದಾಖಲೆ ಕೂದಲೆಳೆಯಲ್ಲಿ ಉಳಿಯುತ್ತದೆ. ಯಾರೂ ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ನನಗೆ ಅಣ್ಣ ಇರುವುದರಿಂದಲೋ ಏನೋ, ಆ ಜಾಗದಲ್ಲಿ ಇವತ್ತಿಗೂ ಕಣ್ಣು ಒದ್ದೆಯಾಗುತ್ತದೆ. ಡಿವಿಡಿ ಆಫ್ ಮಾಡಿದವನೂ ಅದೇ ಅಣ್ಣ ಅನ್ನುವುದು ಬೇರೆ ಮಾತು.

ಈಗ ಕೆಲಸಗಾರನ ಮಾತು. ಕ್ಯಾಮೆರಾದಲ್ಲಿ ನೀವು ಹತ್ತಿರದವರ ಮುಖದ ಮೇಲೆ ಫೋಕಸ್ ಇಟ್ಟರೆ ಹಿಂದಿನ ಮರ ಮಸುಕಾಗುತ್ತದೆ. ಈಗಿನ ಫೋನಿನಲ್ಲಿ ಇದನ್ನು ಬೇಕಂತಲೇ ಮಾಡುತ್ತಾರೆ, ಸ್ಟೈಲ್ ಅಂತ. ಆದರೆ ಕೈಯಲ್ಲಿ ಬರೆದ ಕಾರ್ಟೂನಿನಲ್ಲಿ ಮುಂದಿನ ಮೂಗೂ ಸ್ಪಷ್ಟ, ಹಿಂದಿನ ಬೆಟ್ಟವೂ ಸ್ಪಷ್ಟ. ವಾಚೋವ್ಸ್ಕಿಯರು ಅದನ್ನೇ ಬಯಸಿದರು. ಜರ್ಮನಿಯಲ್ಲಿ, ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ, ಆಮೇಲೆ ಬೇರೆ ಹಿನ್ನೆಲೆ ಅಂಟಿಸಲು ಆಗುವ ಹಾಗೆ ಹಸಿರು ಪರದೆ ಕಟ್ಟಿ, ಸಿನಿಮಾದ ಹೆಚ್ಚಿನ ಪಾಲು ಅದರ ಮುಂದೆಯೇ ತೆಗೆದರು. ಅವರು ಡಿಜಿಟಲ್ ಕ್ಯಾಮೆರಾ ಹಿಡಿದದ್ದು ಅದೇ ಮೊದಲು. ಮುಂದಿನವರು ಬೇರೆ, ನಡುವಿನವರು ಬೇರೆ, ಹಿಂದಿನದು ಬೇರೆ, ಒಂದೊಂದೂ ಸ್ಪಷ್ಟ. ಆಮೇಲೆ ಒಂದರ ಮೇಲೊಂದು ಜೋಡಿಸಿದರು, ಹಿಂದೆ ಸೆಲ್ ಹಾಳೆ ಜೋಡಿಸುತ್ತಿದ್ದ ಹಾಗೇ. ಹಿನ್ನೆಲೆಗೆ ನಿಜದ ಊರುಗಳ ಫೋಟೋಗಳನ್ನು ಸುತ್ತಲೂ ತೆಗೆದು, ದುಂಡಗೆ ಹೊಲಿದು, ಬಣ್ಣ ಏರಿಸಿ ಬಳಸಿದರು. ಮೂಲ ಸಾಮಗ್ರಿ ನಿಜದ್ದು, ಬಳಸಿದ ರೀತಿ ಕಾರ್ಟೂನಿನದು.

ನನ್ನಂಥವನಿಗೆ ಇದನ್ನು ನೋಡುವಾಗ ಏನಾಗುತ್ತದೆ ಗೊತ್ತಾ? ಟ್ರಿಕ್ಸಿ ಪಾತ್ರ ಮಾಡಿದ ಕ್ರಿಸ್ಟೀನಾ ರಿಚಿಯ ಕೆನ್ನೆ ಎಲ್ಲಿ ಮುಗಿಯುತ್ತದೆ, ಹಿಂದಿನ ಆಕಾಶ ಎಲ್ಲಿ ಶುರುವಾಗುತ್ತದೆ ಅಂತ ನನಗೆ ಕಾಣುತ್ತದೆ. ಅವರು ಅದನ್ನು ಮುಚ್ಚುವ ಗೋಜಿಗೇ ಹೋಗಿಲ್ಲ. ಹಿಮದ ಬೆಟ್ಟದಲ್ಲಿ ಒಂದು ಹೊಡೆದಾಟ ಬರುತ್ತದೆ. ಮುಷ್ಟಿ ಎತ್ತಿದ ಕೂಡಲೇ ಹಿಂದಿನ ಬೆಟ್ಟ ಮಾಯ, ಬರೀ ಗೆರೆಗಳು ಸುಯ್ಯನೆ ಓಡುತ್ತವೆ. 1967ರಲ್ಲಿ ದುಡ್ಡಿಲ್ಲದೆ ಹಾಕಿದ ಗೆರೆ! ಈಗ ದುಡ್ಡಿನ ರಾಶಿಯ ಮೇಲೆ ಕೂತು, ಬೇಕಂತಲೇ, ಪ್ರೀತಿಯಿಂದ ಹಾಕಿದ್ದಾರೆ. ಅಭಿಮಾನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ನಮ್ಮಲ್ಲಿ ಯಕ್ಷಗಾನ ನೋಡುವವರಿಗೆ ಇದು ಹೊಸದಲ್ಲ. ಕೌರವನ ಕಿರೀಟ, ಭುಜಕೀರ್ತಿ ನೋಡಿ "ಇಷ್ಟು ಭಾರ ಹೊತ್ತುಕೊಂಡು ಯಾರಾದರೂ ಯುದ್ಧಕ್ಕೆ ಹೋಗ್ತಾರಾ" ಅಂತ ಯಾರೂ ಕೇಳುವುದಿಲ್ಲ. ಚೆಂಡೆಯ ಪೆಟ್ಟು ಬಿದ್ದ ಮೇಲೆ ಅದೇ ಅವನ ಮೈ. ಪ್ಯಾಂಟು ಶರ್ಟು ಹಾಕಿಸಿ ಅದೇ ಮಾತು ಆಡಿಸಿದರೆ ನಗು ಬರುತ್ತದೆ. ನಮಗೆ ವೇಷ ಬೇಕು. ಹಾಲಿವುಡ್ಡಿಗೆ ವೇಷ ಅಂದರೆ ಭಯ. ಕಾರ್ಟೂನ್ ಸಿಕ್ಕಿದ ಕೂಡಲೇ ಅದರ ವೇಷ ಬಿಚ್ಚಿಸಿ, ಬೂದು ಬಣ್ಣ ಬಳಿದು, ಮಳೆಯಲ್ಲಿ ನಿಲ್ಲಿಸಿ "ನೋಡಿ, ಇದು ದೊಡ್ಡವರ ಸಿನಿಮಾ" ಅನ್ನುತ್ತದೆ.

ಉದಾಹರಣೆಗೆ ನಾನು ಆಗ ಹೇಳಿದ 'ಘೋಸ್ಟ್ ಇನ್ ದ ಶೆಲ್'. 2017ರಲ್ಲಿ ಅದನ್ನೂ ನಟರನ್ನು ಹಾಕಿ ತೆಗೆದರು. ಸ್ಕಾರ್ಲೆಟ್ ಜೊಹಾನ್ಸನ್ ನಾಯಕಿ. ಅಂಚು ಕಾಣುವುದಿಲ್ಲ, ಕೆಲಸ ಬಹಳ ನೀಟು. ಕಟ್ಟಡದ ಮೇಲಿಂದ ಹಾರುವುದು, ನೀರಿನ ಮೇಲೆ ಹೊಡೆದಾಡುವುದು, ಮಮೊರು ಒಶಿಯಿ ಅವರ 1995ರ ಸಿನಿಮಾದ ದೃಶ್ಯಗಳನ್ನು ಎತ್ತಿ ಇಟ್ಟಿದ್ದಾರೆ. ಆದರೆ ಹಳೆಯದರ ನಾಯಕಿ ಕೇಳುತ್ತಿದ್ದದ್ದು 'ನನ್ನೊಳಗೆ ನಾನು ಅನ್ನುವುದು ಇದೆಯಾ' ಅಂತ. ಉತ್ತರ ಸಿಗದೆ, ಕೊನೆಗೆ ಇನ್ನೊಂದರ ಜೊತೆ ಬೆರೆತು ಬೇರೆಯೇ ಆಗಿಹೋಗುತ್ತಾಳೆ. ಹೊಸದರಲ್ಲಿ ಅದು 'ನನ್ನ ಹಿಂದಿನ ಬದುಕನ್ನು ಕದ್ದವರು ಯಾರು' ಅಂತ ಆಯಿತು. ಕಳ್ಳರು ಸಿಗುತ್ತಾರೆ, ಅಮ್ಮನೂ ಸಿಗುತ್ತಾಳೆ. ಜಪಾನಿ ಹುಡುಗಿಯ ಪಾತ್ರಕ್ಕೆ ಅಮೆರಿಕದ ನಟಿ ಯಾಕೆ ಅಂತ ದೊಡ್ಡ ಗಲಾಟೆಯೂ ಆಯಿತು, ಆಗಬೇಕಾದ ಗಲಾಟೆಯೇ. ನನ್ನ ದೂರು ಇನ್ನೂ ಒಂದಿದೆ. ಅವರು ಚಿತ್ರಗಳನ್ನು ನಕಲು ಮಾಡಿದರು, ಪ್ರಶ್ನೆಯನ್ನು ಬಿಟ್ಟರು. ಹೀಗೇ ನಟರನ್ನು ಹಾಕಿ ತೆಗೆದ 2009ರ 'ಡ್ರ್ಯಾಗನ್‌ಬಾಲ್' ಸಿನಿಮಾ ಬಗ್ಗೆ ನಾನು ಮಾತಾಡುವುದಿಲ್ಲ. ಸಂಜೆ ಚೆನ್ನಾಗಿದೆ.

ಜಪಾನಿ ಹೆಸರಿನ ಈ ಮಾತು 'ಸ್ಪೀಡ್ ರೇಸರ್'ಗೂ ತಗಲುತ್ತದೆ, ಮುಚ್ಚಿಡಬಾರದು. ಮಿಫುನೆ ಮನೆತನವನ್ನು ರೇಸರ್ ಮನೆತನ ಮಾಡಿದ್ದು 1967ರ ಡಬ್ಬಿಂಗ್. 2008ರವರು ಅದನ್ನೇ ಮುಂದುವರಿಸಿದರು. ಎಮಿಲ್ ಹರ್ಷ್, ಜಾನ್ ಗುಡ್‌ಮನ್, ಸೂಸನ್ ಸರಂಡನ್, ಮನೆಯವರೆಲ್ಲ ಅಮೆರಿಕದವರು. ಕೊರಿಯಾದ ಗಾಯಕ ರೇನ್, ಜಪಾನಿನ ಹಿರೊಯುಕಿ ಸನಾಡಾ ಇದ್ದಾರೆ, ಆದರೆ ಪಕ್ಕದ ಪಾತ್ರಗಳಲ್ಲಿ. ಒಂದು ಜಪಾನಿ ಕುಟುಂಬದ ಕಥೆಯನ್ನು ಆ ಕುಟುಂಬದವರಿಂದಲೇ ಬಿಡಿಸಿಕೊಂಡ ಹಾಗೆ. ಇದೂ ರೋಟೋ ಕೆಲಸವೇ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಬೇರೆ ತಪ್ಪುಗಳೂ ಇವೆ. ಎರಡು ಗಂಟೆ ಹದಿನೈದು ನಿಮಿಷ, ಜಾಸ್ತಿಯಾಯಿತು. ನಡುವೆ ಕಂಪನಿಗಳ ಷೇರಿನ ಲೆಕ್ಕಾಚಾರ ಬರುವಾಗ ಮಕ್ಕಳು ಆಕಳಿಸುತ್ತಾರೆ, ದೊಡ್ಡವರಿಗೆ ಪೂರ್ತಿ ತಿಳಿಯುವುದಿಲ್ಲ.

ಆದರೆ ಆ ಲೆಕ್ಕಾಚಾರದ ಮೊದಲು ಒಂದು ಬೆಳಗಿನ ತಿಂಡಿಯ ದೃಶ್ಯ ಇದೆ, ಅದು ನನಗೆ ತುಂಬಾ ಇಷ್ಟ. ರೊಯಲ್ಟನ್ ಅನ್ನುವ ದೊಡ್ಡ ಕಂಪನಿಯ ಯಜಮಾನ ಇವರ ಮನೆಗೆ ಬರುತ್ತಾನೆ, ಸ್ಪೀಡ್‌ನನ್ನು ಕೊಂಡುಕೊಳ್ಳಲು. ಅಮ್ಮ ಪ್ಯಾನ್‌ಕೇಕ್ ಮಾಡಿದ್ದಾರೆ. ಅವನು ಒಂದು ತುತ್ತು ತಿಂದು ಕಣ್ಣರಳಿಸಿ ಹೊಗಳುತ್ತಾನೆ, ಆ ಕೂಡಲೇ ಅದರ ರೆಸಿಪಿಯನ್ನೇ ಕೊಂಡುಕೊಳ್ಳುವ ಮಾತಾಡುತ್ತಾನೆ! ಮನೆಗೆ ಬಂದವರು ದೋಸೆ ತಿಂದು "ಹಿಟ್ಟು ಹೇಗೆ ನೆನೆ ಹಾಕ್ತೀರಿ" ಅಂತ ಕೇಳಿದರೆ ನಮ್ಮಮ್ಮ ಖುಷಿಯಿಂದ ಹೇಳುತ್ತಾರೆ, ಒಂದು ಡಬ್ಬಿ ಹಿಟ್ಟೂ ಕೊಟ್ಟು ಕಳಿಸುತ್ತಾರೆ. "ಎಷ್ಟಕ್ಕೆ ಕೊಡ್ತೀರಿ" ಅಂದರೆ? ಕಥೆಯ ಜಗಳವೆಲ್ಲ ಆ ಒಂದು ತುತ್ತಿನಲ್ಲೇ ಇದೆ.

ಮುಂದೆ ಅದೇ ರೊಯಲ್ಟನ್ ಹುಡುಗನಿಗೆ ಹೇಳುತ್ತಾನೆ, ನೀನು ಚಿಕ್ಕಂದಿನಿಂದ ದೇವರೆಂದು ನಂಬಿದ ರೇಸುಗಳೆಲ್ಲ ಮೊದಲೇ ತೀರ್ಮಾನವಾದವು, ಷೇರಿನ ಬೆಲೆ ಏರಿಸಲು ಆಡಿದ ನಾಟಕ ಅಂತ. ಇದನ್ನು ಹೇಳುತ್ತಿರುವುದು ಯಾರ ದುಡ್ಡಿನಲ್ಲಿ? ಹಾಲಿವುಡ್ಡಿನ ಅತಿ ದೊಡ್ಡ ಸ್ಟುಡಿಯೋಗಳಲ್ಲಿ ಒಂದಾದ ವಾರ್ನರ್ ಬ್ರದರ್ಸ್ ದುಡ್ಡಿನಲ್ಲಿ. ಅದು ನನಗೆ ತಮಾಷೆಯಾಗಿ ಕಾಣುತ್ತದೆ.

ಕೊನೆಯ ರೇಸು ಮಾತಿನಲ್ಲಿ ಹೇಳಲಾಗದ್ದು, ನೋಡಬೇಕು. ಒಂದು ಕಡೆ ಸ್ಪೀಡಿನ ಕಾರು ಟ್ರ್ಯಾಕಿನ ನಡುವೆ ನಿಂತುಹೋಗುತ್ತದೆ. ಇಷ್ಟು ಹೊತ್ತು ಕಿರುಚುತ್ತಿದ್ದ ಸಿನಿಮಾ ಒಮ್ಮೆಲೇ ಸುಮ್ಮನಾಗುತ್ತದೆ. ಅವನು ಕಾರಿನ ಮಾತು ಕೇಳಿಸಿಕೊಳ್ಳುತ್ತಾನೆ, ಚಿಕ್ಕವನಿದ್ದಾಗ ಅಣ್ಣ ಕಲಿಸಿದ್ದ ಹಾಗೆ. ಮತ್ತೆ ಹೊರಟ ಮೇಲೆ ಬಣ್ಣ ಬಣ್ಣದಲ್ಲಿ ಬೆರೆತು, ಕಾರು ಯಾವುದು, ದಾರಿ ಯಾವುದು ತಿಳಿಯದ ಹಾಗೆ ಆಗಿ, ಕಪ್ಪು ಬಿಳುಪು ಚೌಕಗಳು ಸುರುಳಿ ಸುತ್ತುತ್ತವೆ. ಮೈಕೆಲ್ ಜಿಯಾಕೀನೊ ಅವರ ಸಂಗೀತದೊಳಗಿಂದ 1967ರ ಆ ಹಳೆಯ ರಾಗ ಏಳುತ್ತದೆ. ಅಲ್ಲಿ ಮಾತ್ರ ಅಂಚು ಪೂರ್ತಿ ಮಾಯವಾಗುತ್ತದೆ. ಮುಚ್ಚಿದ್ದರಿಂದ ಅಲ್ಲ, ಕರಗಿದ್ದರಿಂದ.

ರೇಸರ್ ಎಕ್ಸ್ ಬಗ್ಗೆ ಹೇಳದೆ ಮುಗಿಸಿದರೆ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. ಮುಖವಾಡ ಹಾಕಿಕೊಂಡು ಬಂದು ನಾಯಕನನ್ನು ಕಾಪಾಡಿ ಹೋಗುವವನು. ಹಳೆಯ ಅನಿಮೆಯಲ್ಲಿ ಅವನೇ ಅಣ್ಣ ಅನ್ನುವುದು ಹುಡುಗನಿಗೆ ಗೊತ್ತಿಲ್ಲ, ನಮಗೆ ಗೊತ್ತು. ನಿರೂಪಕ ಸಿಕ್ಕಾಗಲೆಲ್ಲ ನಮ್ಮ ಕಿವಿಯಲ್ಲಿ ಹೇಳುತ್ತಿರುತ್ತಾನೆ. ಸಿನಿಮಾ ಸ್ವಲ್ಪ ಜಾಣತನ ಮಾಡಿತು. ಸ್ಪೀಡ್ ಅನುಮಾನಪಟ್ಟು ಮುಖವಾಡ ತೆಗೆ ಅನ್ನುತ್ತಾನೆ. ತೆಗೆದರೆ ಬೇರೆಯೇ ಮುಖ. ಅಭಿಮಾನಿಗೆ ಎದೆ ಧಸಕ್ ಅನ್ನುತ್ತದೆ. ಕೊನೆಗೆ ತಿಳಿಯುತ್ತದೆ, ಅಣ್ಣ ಸತ್ತ ಹಾಗೆ ನಟಿಸಿ, ಮುಖವನ್ನೇ ಆಪರೇಷನ್ ಮಾಡಿಸಿಕೊಂಡಿದ್ದಾನೆ. ಗೆದ್ದ ತಮ್ಮನನ್ನು ಮನೆಯವರೆಲ್ಲ ತಬ್ಬಿಕೊಳ್ಳುವುದನ್ನು ಅವನು ದೂರದಿಂದ ನೋಡುತ್ತಾನೆ. ಹೀಗೆ ಮಾಡಿದ್ದು ತಪ್ಪಾಯಿತಾ ಅಂತ ಜೊತೆಯವನು ಕೇಳಿದರೆ, ತಪ್ಪೇ ಆಗಿದ್ದರೂ ಅದರ ಜೊತೆ ಬಾಳಬೇಕು ಅನ್ನುತ್ತಾನೆ.

ಅದಕ್ಕೂ ಮುಂಚೆ ಅಪ್ಪನ ಒಂದು ದೃಶ್ಯ ಇದೆ. ಹಿಂದೆ ರೆಕ್ಸ್ ಮನೆ ಬಿಡುವಾಗ ಅಪ್ಪ, ಈ ಬಾಗಿಲು ದಾಟಿದರೆ ಮತ್ತೆ ಬರಬೇಡ ಅಂದಿದ್ದರು. ಈಗ ಎರಡನೆಯ ಮಗ ಅದೇ ಬಾಗಿಲಿನ ಹತ್ತಿರ ನಿಂತಿದ್ದಾನೆ. ಅಪ್ಪ ಈ ಸಲ ಹೇಳುವುದು, ನೀನು ಹೋಗುವುದಾದರೆ ಹೋಗು, ಬಾಗಿಲು ಯಾವತ್ತೂ ತೆರೆದೇ ಇರುತ್ತದೆ ಅಂತ. ಜಾನ್ ಗುಡ್‌ಮನ್, ಅಷ್ಟು ದೊಡ್ಡ ಮೈಯವರು, ಕೆಂಪು ಟೀ ಶರ್ಟ್, ಕಾರ್ಟೂನಿನಿಂದ ಎದ್ದುಬಂದ ಮೀಸೆ. ಅವರು ಅದನ್ನು ಎಷ್ಟು ಮೆತ್ತಗೆ ಹೇಳುತ್ತಾರೆ ಅಂದರೆ, ಸುತ್ತಲಿನ ಬಣ್ಣವೆಲ್ಲ ಮರೆತುಹೋಗುತ್ತದೆ. ಇಷ್ಟು ಸುಳ್ಳು ಬಣ್ಣದ ಮನೆಯಲ್ಲಿ ಅಷ್ಟು ನಿಜವಾದ ಅಪ್ಪ.

ಇನ್ನೊಂದು ಸಣ್ಣ ಸಂಗತಿ. ಸಿನಿಮಾದಲ್ಲಿ ರೇಸಿನ ವಿವರಣೆ ಹೇಳುವ ಮುದುಕರೊಬ್ಬರು ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ. ಅವರೇ ಪೀಟರ್ ಫರ್ನಾಂಡಿಸ್. ಉಸಿರು ಬಿಡದೆ ಮಾತಾಡಿದ ಆ ಹಳೆಯ ದನಿ. ಎರಡು ವರ್ಷದ ನಂತರ, 2010ರಲ್ಲಿ, ತೀರಿಕೊಂಡರು. ಮೂಲ ಬರೆದ ಯೊಶಿದಾ 1977ರಲ್ಲೇ ಹೋಗಿದ್ದರು. ತಾವು ಬರೆದ ಗೆರೆಗಳು ಇಷ್ಟು ದೊಡ್ಡ ಪರದೆಯ ಮೇಲೆ ಓಡಿದ್ದನ್ನು ಅವರು ನೋಡಲಿಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

(ಹಿಂದೆ ಕೂತಿದ್ದ ಹಿರಿಯರೊಬ್ಬರು ರೋಟೋ ಕೆಲಸಕ್ಕೆ ಸಂಬಳ ಎಷ್ಟು ಅಂತ ಕೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಮುಂದಿನ ಸಾಲಿನ ಒಬ್ಬ ಹುಡುಗ ಕೈ ಎತ್ತಿದ, ಆರೋ ಏಳೋ ವರ್ಷ ಇರಬೇಕು.)

"ಅಂಕಲ್, ಆ ಮಂಗ ನಿಜದ್ದಾ?"

"ನಿಜದ್ದೇ. ಎರಡು ಚಿಂಪಾಂಜಿ ಇದ್ದವು."

"ಕಾರು?"

"ನಿಂತಿದ್ದ ಕಾರು ನಿಜದ್ದು. ಓಡಿದ್ದು ಕಂಪ್ಯೂಟರಿನದು."

ಅವನು ಸ್ವಲ್ಪ ಯೋಚನೆ ಮಾಡಿದ. "ಹಾಗಾದ್ರೆ ಮಂಗಕ್ಕೆ ಹೇಗೆ ಗೊತ್ತಾಯ್ತು, ಕಾರು ಎಲ್ಲಿದೆ ಅಂತ? ಅದು ಎಲ್ಲಿ ನೋಡ್ತು?"

ಹನ್ನೊಂದು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮನೆಗೆ ಹೋಗಿ ಮತ್ತೆ ಸಿನಿಮಾ ಹಾಕಿದೆ, ಮಂಗದ ಕಣ್ಣು ನೋಡಲು. ಈ ಸಲ ಅಣ್ಣನೂ ಪಕ್ಕದಲ್ಲಿ ಬಂದು ಕೂತ.